ದಾರದ ಆಚೆಯ ತುದಿ

ಹೊರ್ತಿ
3 ನವೆಂಬರ್ 2024

ಮಗಳು ಯಾಸ್ಮಿನಳಿಗೆ ದೊಡ್ಡಪ್ಪ ಗೈಬುಸಾಬನ ಸಲಾಮು.

ಮುದ್ದೇಬಿಹಾಳದಲ್ಲಿ ಎಲ್ಲರೂ ಹೇಗಿದ್ದೀರಿ? ನಿನ್ನ ಅಪ್ಪ, ನನ್ನ ತಮ್ಮ ಅಮೀರನ ಸೊಂಟ ಈಗ ಹೇಗಿದೆ? ಗೊಬ್ಬರದ ಚೀಲ ತಾನೇ ಎತ್ತುವ ಚಟ ಬಿಟ್ಟನೋ ಇಲ್ಲವೋ? ನಿನ್ನ ತಾಯಿ ಖೈರುಂಬಿಯ ಸಕ್ಕರೆ ಇಳಿದಿದೆಯೇ? ತಬ್ರೇಜನ ಕೈಗೆ ಹಾಕಿದ ಪಟ್ಟಿ ಬಿಚ್ಚಿದರೇ? ಸಣ್ಣಾಕಿ ಜಾಸ್ಮಿನಳ ಕೆಮ್ಮು ನಿಂತಿತೇ? ಇಲ್ಲಿ ನಿನ್ನ ದೊಡ್ಡವ್ವ ಅಬಿದಾ ಆರಾಮ ಇದ್ದಾಳೆ. ಚಳಿ ಬಂತೆಂದು ಮೊಣಕಾಲು ಮಾತ್ರ ಮೊದಲೇ ಹೇಳತೊಡಗಿವೆ. ನಾನೂ ಆರಾಮ.

ನಿನ್ನ ಪತ್ರ ಎರಡು ಸಲ ಓದಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ದೊಡ್ಡವ್ವನ ಕೈಗೆ ಕೊಡುತ್ತೀರಿ ಎಂದು ತಕರಾರು ಮಾಡಿದ್ದೀ. ಫೋನಿನ ಮಾತು ಗಾಳಿಗೆ ಹೋಗುತ್ತದೆ ಮಗಳೇ, ಕಾಗದದ ಮಾತು ಮನೆಯಲ್ಲಿ ಉಳಿಯುತ್ತದೆ. ನಾನು ಸಾಲಿಗೆ ಹೋದವನಲ್ಲ. ಕ್ಯಾಸೆಟ್ಟಿನ ಚೀಟಿಯ ಮೇಲೆ ಹಾಡಿನ ಹೆಸರು ಬರೆಯಬೇಕಿತ್ತು, ಅದಕ್ಕೇ ಅಕ್ಷರ ಕಲಿತೆ. ಕಲಿತದ್ದನ್ನು ಬಳಸಬೇಕಲ್ಲ.

ನೀನು ಕಟ್ಟಿಂಗ್ ಮಾಡಿ ಕಳಿಸಿದ ಚಿತ್ರಗಳನ್ನು ನೋಡಿದೆ. ಲ್ಯಾಪ್‌ಟಾಪಿಗೆ ಜೋಡಿಸುವ ಹಲಗೆ, ಅದರ ಮೇಲೆ ಎರಡು ತಿರುಗುವ ಚಕ್ರ, ನಡುವೆ ಅತ್ತಿತ್ತ ಸರಿಯುವ ಒಂದು ಗುಂಡಿ. ಇದಕ್ಕೆ ಡಿಜೆ ಕಂಟ್ರೋಲರ್ ಎನ್ನುತ್ತಾರೆ, ಮೊದಲ ಸಲ ಕೊಳ್ಳುವವರು ಕೈಗೆಟಕುವಂಥ ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀ. ಹೆಸರು ಹೊಸದು, ಸಾಮಾನು ಹಳೆಯದೇ. ಎಂಬತ್ತಾರನೇ ಇಸವಿಯಲ್ಲಿ ನಾನು ಮದುವೆಗಳಲ್ಲಿ ಹಾಡು ಹಾಕಲೆಂದು ಎರಡು ಟೇಪ್ ರೆಕಾರ್ಡರ್ ಇಟ್ಟು, ನಡುವೆ ಮುರಿದ ರೇಡಿಯೋದ ಸ್ವಿಚ್ಚು ಕೂರಿಸಿದ ಕಟ್ಟಿಗೆ ಪೆಟ್ಟಿಗೆ ಮಾಡಿದ್ದೆ. ಹಳೆ ಟೆಲಿಫೋನಿನ ಕಿವಿಬಟ್ಟಲು ಕಿತ್ತು ಅದಕ್ಕೆ ಹಚ್ಚಿದ್ದೆ. ಒಂದು ಕಿವಿಗೆ ಮಂದಿ ಕೇಳುವ ಹಾಡು, ಇನ್ನೊಂದಕ್ಕೆ ಮುಂದೆ ಬರುವ ಹಾಡು. ಈ ಎರಡನೇ ಕಿವಿ ಇಲ್ಲದ ಯಂತ್ರ ಎಷ್ಟು ಅಗ್ಗವಿದ್ದರೂ ಬೇಡ. ಹೆಡ್‌ಫೋನಿಗೆ ಬೇರೆ ದಾರಿ ಇರಬೇಕು. ಇದೊಂದನ್ನು ನೆನಪಿಡು.

ನಾನು ಸೋಲಾಪುರಕ್ಕೆ ಹೋಗಿ ಅಂಗಡಿ ತಿರುಗಿ ಬರುತ್ತೇನೆ. ನೀನು ಅವಸರ ಮಾಡಬೇಡ.

ಹೆಂಗಸರ ಕಾರ್ಯದಲ್ಲಿ ಗೋಡೆಯ ಈಚೆ ಕೂತು, ಒಳಗಿನವರನ್ನು ನೋಡದೆಯೇ, ಹಾಡು ಯಾವಾಗ ಬದಲಿಸಬೇಕೆಂದು ನಿಮಗೆ ಹೇಗೆ ತಿಳಿಯುತ್ತಿತ್ತು ಎಂದು ಕೊನೆಯಲ್ಲಿ ಕೇಳಿದ್ದೀ. ಅದೊಂದು ಅಭ್ಯಾಸ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಯಂತ್ರ.

ದೊಡ್ಡವ್ವ ಒಳಗಿನಿಂದ ನಿನಗೆ ಏನೋ ಹೇಳಿದಳು. ಗಾಳಿ ಜೋರಾಗಿದೆ, ತಿಳಿಯಲಿಲ್ಲ. ಸಲಾಮೇ ಇರಬೇಕು.

ನಿನ್ನ ದೊಡ್ಡಪ್ಪ
ಗೈಬುಸಾಬ

*

ಮುದ್ದೇಬಿಹಾಳ
24 ನವೆಂಬರ್ 2024

ದೊಡ್ಡಪ್ಪಗೆ, ದೊಡ್ಡವ್ವಗೆ ಯಾಸ್ಮಿನಳ ಸಲಾಂ.

ಎಲ್ಲರೂ ಆರಾಮ. ಅಪ್ಪ ಚೀಲ ಎತ್ತುವುದು ಬಿಟ್ಟಿಲ್ಲ. ತಬ್ರೇಜನ ಪಟ್ಟಿ ಬಿಚ್ಚಿದರು. ಜಾಸ್ಮಿನ ಕೆಮ್ಮುತ್ತಲೇ ಐಸ್‌ಕ್ಯಾಂಡಿ ತಿನ್ನುತ್ತಾಳೆ.

ಕುಂತಲ್ಲಿ ಕೂಡಲಾಗುತ್ತಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಹಗಲೆಲ್ಲ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತೇನೆ, ಬೆರಳು ಮಾತ್ರ ಮೇಜಿನ ಮೇಲೆ ತಾಳ ಹಾಕುತ್ತಿರುತ್ತವೆ. ನನಗೆ ಈ ಹುಚ್ಚು ಹಿಡಿದದ್ದು ಹೋದ ವರ್ಷ ಬಸವನ ಬಾಗೇವಾಡಿಯ ಒಂದು ಮೆಹೆಂದಿಯಲ್ಲಿ. ಹೆಂಗಸರಷ್ಟೇ ಇದ್ದೆವು. ಹಾಡು ಹಾಕಲು ಬಂದವನು ಶಾಮಿಯಾನದ ಆಚೆ ಕೂತಿದ್ದ. ಎಲ್ಲರೂ ಕುಣಿಯುವಾಗ ಹಾಡು ಕಡಿದ, ಎಲ್ಲರೂ ಬೇಸತ್ತು ಕೂತಾಗ ಅದೇ ಹಾಡು ಎಳೆದ. ಆಮೇಲೆ ಬಟ್ಟೆ ಸರಿಸಿ ಇಣುಕಿ ನೋಡಿದ. ಎಲ್ಲರೂ ಸೆರಗು ಹೊದ್ದು ಕೂತುಬಿಟ್ಟರು. ಅಲ್ಲಿಗೆ ಮುಗಿಯಿತು. ಒಳಗೆ ನಮ್ಮದೇ ಒಬ್ಬಳು ಇದ್ದಿದ್ದರೆ ಎನಿಸಿತು. ಆ ಒಬ್ಬಳು ನಾನೇ ಯಾಕಾಗಬಾರದು?

ಸಿಂದಗಿಯ ಚಿಕ್ಕಮ್ಮನ ಮಗಳು ನಿಷತಳ ಮೆಹೆಂದಿ ಫೆಬ್ರುವರಿ ಒಂಬತ್ತಕ್ಕೆ. ಅವಳು ನನ್ನನ್ನೇ ಕರೆದಿದ್ದಾಳೆ. ಅಪ್ಪನನ್ನು ಕೇಳಿದೆ. ಅವರು ಹೇಳಿದರು: "ಒಂದ್ ಸಲ ಮಾಡು. ಮಂದಿ ನಕ್ರ ಆ ಡಬ್ಬಿ ಮಾರಿ ಸುಮ್ನ ಕುಂದ್ರಬೇಕು. ಮತ್ತ ನನ್ನ ಮುಂದ ಅದರ ಹೆಸರ ತಗೀಬಾರ್ದು." ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ನಾನು ಹೂಂ ಅಂದೆ. ನನಗಿರುವುದು ಒಂದೇ ಸಲ, ದೊಡ್ಡಪ್ಪ.

ಯಂತ್ರದ ವಿಷಯ. ನೀವು ಬರೆದದ್ದನ್ನು ಹಿಡಿದುಕೊಂಡೇ ಹುಡುಕಿದೆ. ಎಲ್ಲಕ್ಕಿಂತ ಅಗ್ಗದ್ದು ಅಂಗೈಯಗಲ ಇದೆ, ಅದಕ್ಕೆ ಹೆಡ್‌ಫೋನಿನ ದಾರಿಯೇ ಇಲ್ಲ, ಬಿಟ್ಟೆ. ದೊಡ್ಡ ನಾಲ್ಕು ಹಾಡಿನ ಯಂತ್ರಗಳು ಹಳೆಯವಾದರೆ ಕಡಿಮೆಗೆ ಸಿಗುತ್ತವೆ, ಆದರೆ ಕಲಿಯುವವರಿಗೆ ಅಷ್ಟು ಗುಂಡಿ ಯಾಕೆ, ಹಳೆಯದರ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು. ನಡುವಿನದು ಒಂದಿದೆ: ಎರಡೇ ಹಾಡು, ಹೆಡ್‌ಫೋನ್ ದಾರಿ ಬೇರೆ, ಸ್ಪೀಕರಿನ ದಾರಿ ಬೇರೆ, ಕರೆಂಟು ಲ್ಯಾಪ್‌ಟಾಪಿನಿಂದಲೇ. ಒಂದು ಚೀಲದಲ್ಲಿ ಹಿಡಿಸುತ್ತದೆ. ಅದೇ ಸಾಕು ಎನಿಸಿದೆ. ನೀವು ಹೂಂ ಅನ್ನಿ, ತರಿಸುತ್ತೇನೆ.

ಗೋಡೆಯ ಗುಟ್ಟು ಮಾತ್ರ ನೀವು ಹೇಳಲಿಲ್ಲ. ಯಂತ್ರ ಅಂಗಡಿಯಲ್ಲಿ ಸಿಗುತ್ತದೆ, ಅದು ಸಿಗುವುದಿಲ್ಲ.

ಯಾಸ್ಮಿನ

*

ಹೊರ್ತಿ
1 ಡಿಸೆಂಬರ್ 2024

ಮಗಳು ಯಾಸ್ಮಿನಳಿಗೆ ಸಲಾಮು.

ನಾನು ಸೋಲಾಪುರದಿಂದ ಬಸ್ಸಿಳಿದು ಮನೆಗೆ ಬಂದಾಗ ನಿನ್ನ ಪತ್ರ ಕಿಟಕಿಯಲ್ಲಿತ್ತು. ಒಂದು ದಿನ ಮೊದಲು ಬಂದಿದ್ದರೆ ಬೇರೆ ಮಾತು. ಈಗ ನಾನು ಯಂತ್ರ ತಂದಾಗಿದೆ. ಇದು ನಿನ್ನ ದೊಡ್ಡಪ್ಪನ ಕಾಣಿಕೆ, ಬೆಲೆ ಕೇಳಬೇಡ.

ನೀನು ಬರೆದ ಆ ಎರಡು ಹಾಡಿನ ಚಿಕ್ಕದನ್ನೂ ಅಂಗಡಿಯಲ್ಲಿ ತೋರಿಸಿದರು. ಮಕ್ಕಳ ಪಾಟಿಯ ಹಾಗಿತ್ತು, ಮನಸ್ಸಿಗೆ ಬರಲಿಲ್ಲ. ಪಕ್ಕದಲ್ಲಿ ಇದಿತ್ತು. ಬ್ಯಾಂಡಿನವರು ಬಳಸಿ ಮಾರಿದ್ದಂತೆ. ನಾಲ್ಕು ಹಾಡು ಒಟ್ಟಿಗೆ ಹಿಡಿಯುತ್ತದೆ, ಗುಂಡಿ ಒತ್ತಿದರೆ ಬಣ್ಣ ಬಣ್ಣದ ದೀಪ. ಎತ್ತಲು ಎರಡು ಕೈ ಬೇಕು. ಇಂಥದ್ದನ್ನು ಮುಂದಿಟ್ಟುಕೊಂಡು ಕೂತರೆ ಸಿಂದಗಿಯಲ್ಲಿ ನಗುವವರು ಯಾರು? ಅಮೀರನ ಬಾಯಿ ನೋಡಿದ ಕೂಡಲೇ ಮುಚ್ಚುತ್ತದೆ.

ಹಳೆಯದರ ಒಳಗೆ ಏನಾಗಿದೆಯೋ ಎಂದು ಹೆದರಿದ್ದೀ. ನಾನು ಕಣ್ಣು ಮುಚ್ಚಿ ತಂದಿಲ್ಲ. ಅಂಗಡಿಯವ ಹೆಡ್‌ಫೋನ್ ನನ್ನ ತಲೆಗೆ ಹಾಕಿ, "ಕೇಳ್ರಿ ಚಾಚಾ, ಹ್ಯಾಂಗ್ ಐತಿ?" ಅಂದ. ನಾನು ಪೂರ್ತಿ ಒಂದು ಹಾಡು ಕೇಳಿ, "ಗಂಟಿ ಹೊಡದಂಗ ಐತಿ," ಅಂದೆ. ನಲವತ್ತು ವರ್ಷ ಧ್ವನಿಯಲ್ಲೇ ಬದುಕಿದವನು ನಾನು.

ನಾಳೆ ಬಸ್ಸಿನ ಪಾರ್ಸಲ್ಲಿನಲ್ಲಿ ಕಳಿಸುತ್ತೇನೆ. ಹತ್ತಿ ಸುತ್ತಿ, ಅದರ ಮೇಲೆ ದೊಡ್ಡವ್ವನ ಹಳೆ ಕೌದಿ ಸುತ್ತಿದ್ದೇನೆ. ಕೌದಿ ತಿರುಗಿ ಕಳಿಸಬೇಕೆಂದು ಅವಳ ಹುಕುಂ.

ಗೋಡೆಯ ವಿಷಯ ಬರೆಯಲು ಇವತ್ತು ಹೊತ್ತಿಲ್ಲ.

ಗೈಬುಸಾಬ

*

ಮುದ್ದೇಬಿಹಾಳ
15 ಡಿಸೆಂಬರ್ 2024

ದೊಡ್ಡಪ್ಪಗೆ ಸಲಾಂ.

ಯಂತ್ರ ಮುಟ್ಟಿತು. ಅಪ್ಪ ಮಂಚದ ಮೇಲಿಟ್ಟು ಸುತ್ತ ನಡೆದು ನೋಡಿದರು. ಜಾಸ್ಮಿನ ಎಲ್ಲ ದೀಪ ಹಚ್ಚಿ ಕುಣಿದಳು. ಇಷ್ಟು ದೊಡ್ಡದನ್ನು ನನಗೆಂದು ತಂದಿದ್ದೀರಿ, ಏನು ಹೇಳಲಿ.

ಒಂದು ಮಾತು ಬರೆಯಲು ಮೂರು ದಿನದಿಂದ ಕೈ ಬರುತ್ತಿಲ್ಲ. ಸ್ಪೀಕರಿಗೆ ಧ್ವನಿ ಬರುತ್ತದೆ. ಹೆಡ್‌ಫೋನಿಗೆ ಬರುವುದಿಲ್ಲ. ಚೂರೂ ಇಲ್ಲ. ನಮ್ಮ ಮನೆಯ ಹೆಡ್‌ಫೋನ್ ಕೆಟ್ಟಿದೆಯೆಂದು ಗೆಳತಿ ಐಶ್ವರ್ಯಳದನ್ನು ತಂದೆ. ಆಮೇಲೆ ಕ್ಲಾಸಿನದನ್ನು ತಂದೆ. ಎಲ್ಲ ಗುಂಡಿ ತಿರುಗಿಸಿದೆ. ಲ್ಯಾಪ್‌ಟಾಪನ್ನು ಹೊಸದಾಗಿ ಸಿದ್ಧ ಮಾಡಿದೆ. ಏನೂ ಇಲ್ಲ.

ನೀವು ಅಂಗಡಿಯಲ್ಲಿ ಪೂರ್ತಿ ಒಂದು ಹಾಡು ಕೇಳಿದ್ದೀರಿ ಎಂದು ಬರೆದಿದ್ದೀರಿ. ಅಂದರೆ ಬಸ್ಸಿನಲ್ಲಿ ಕೆಟ್ಟಿರಬೇಕು, ಇಲ್ಲವೇ ನಾನೇ ಕೆಡಿಸಿರಬೇಕು. ನಾನು ಮೊದಲ ದಿನ ಅವಸರದಲ್ಲಿ ವೈರನ್ನು ಜೋರಾಗಿ ಒತ್ತಿದ್ದು ನಿಜ. ತಪ್ಪಾಯಿತು. ಅಂಗಡಿಯಲ್ಲಿ ಯಾವ ಹಾಡು ಹಾಕಿದ್ದರು, ಯಾವ ಗುಂಡಿ ಮೇಲಿತ್ತು, ನೆನಪಿದ್ದರೆ ಬರೆಯಿರಿ. ಹಾಗೆಯೇ ಮಾಡಿ ನೋಡುತ್ತೇನೆ.

ಅಪ್ಪನಿಗೆ ಇನ್ನೂ ಹೇಳಿಲ್ಲ.

ಯಾಸ್ಮಿನ

*

ಮುದ್ದೇಬಿಹಾಳ
9 ಜನವರಿ 2025

ದೊಡ್ಡಪ್ಪಗೆ ಸಲಾಂ.

ಮೂರು ವಾರಕ್ಕಿಂತ ಹೆಚ್ಚಾಯಿತು, ನಿಮ್ಮ ಉತ್ತರ ಇಲ್ಲ. ನೀವು ಕೊಟ್ಟದ್ದನ್ನು ಕೆಡಿಸಿದೆನೆಂದು ಸಿಟ್ಟಾಗಿದ್ದೀರಾ? ಸಿಟ್ಟಿದ್ದರೂ ಬರೆಯಿರಿ.

ನಿನ್ನೆ ಫೋನ್ ಮಾಡಿದೆ. ದೊಡ್ಡವ್ವ ಎತ್ತಿದರು. "ದೊಡ್ಡಪ್ಪ ಏನಂದ್ರು, ಯಂತ್ರದ ಬಗ್ಗೆ?" ಅಂದೆ. "ಏನನ್ನಬೇಕಾಗಿತ್ತು? ಚೊಲೋ ನಡದೈತಿ ಅಂತ ಬರದಾಳ ಅಂದ್ರಲ್ಲ," ಅಂದರು. ನಾನು ಹಾಗೆ ಬರೆದಿರಲಿಲ್ಲ. ಬರೆದದ್ದನ್ನು ಹೇಳಿದೆ. ಅವರು, "ಬರೀತಾರ ತಡಿ. ನಾ ಬರಸ್ತೇನಿ," ಎಂದು ಫೋನ್ ಇಟ್ಟರು.

ಒಂದು ತಿಂಗಳು ಉಳಿದಿದೆ. ಈ ವಾರದೊಳಗೆ ದಾರಿ ಕಾಣದಿದ್ದರೆ ನಿಷತಳಿಗೆ ಬೇರೆಯವರನ್ನು ನೋಡಿಕೋ ಎಂದು ಹೇಳುತ್ತೇನೆ.

ಯಾಸ್ಮಿನ

*

ಹೊರ್ತಿ
13 ಜನವರಿ 2025

ಮಗಳು ಯಾಸ್ಮಿನಳಿಗೆ,

ನಿಷತಳಿಗೆ ಏನೂ ಹೇಳಬೇಡ. ಮೊದಲು ಇದನ್ನು ಓದು.

ನೀನು ಏನನ್ನೂ ಕೆಡಿಸಿಲ್ಲ. ಬಸ್ಸೂ ಕೆಡಿಸಿಲ್ಲ. ಅಂಗಡಿಯಲ್ಲಿ ನಾನು ಯಾವ ಹಾಡನ್ನೂ ಕೇಳಲಿಲ್ಲ.

ನನ್ನ ಎಡಗಿವಿ ಹೋಗಿ ಆರು ವರ್ಷವಾಯಿತು. ಬಲಗಿವಿ ಎರಡು ವರ್ಷದಿಂದ ಹೋಗುತ್ತಿದೆ. ನಲವತ್ತು ವರ್ಷ ಸ್ಪೀಕರಿನ ಮಗ್ಗುಲಲ್ಲಿ ಕೂತದ್ದರ ಫಲ ಎಂದು ಡಾಕ್ಟರು ಹೇಳಿದರು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಫೋನಿಗೆ ತುಟಿ ಇಲ್ಲ, ಅದಕ್ಕೇ ಕಾಗದ. ಗಾಳಿ ಜೋರಾಗಿದೆ ಎಂದೆಲ್ಲ ಬರೆದದ್ದು ಸುಳ್ಳು. ಅಬಿದಾಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಅಮೀರನಿಗೂ.

ಅಂಗಡಿಯವ ತಲೆಗೆ ಹೆಡ್‌ಫೋನ್ ಹಾಕಿದಾಗ ನನಗೆ ಏನೂ ಕೇಳಲಿಲ್ಲ. ಕೇಳದಿರುವುದು ನನ್ನ ಕಿವಿಯ ತಪ್ಪು ಅಂದುಕೊಂಡೆ. ಯಂತ್ರವೇ ಮೂಕವಾಗಿರಬಹುದೆಂದು ಹೊಳೆಯಲೇ ಇಲ್ಲ. ಅಂಗಡಿಯ ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ತಲೆಯಾಡಿಸಿದೆ, ಕಾಲಲ್ಲಿ ತಾಳವನ್ನೂ ಹಾಕಿದೆ. ಯಾವ ಹಾಡು ಹಾಕಿದ್ದರು ಎಂದು ನೀನು ಕೇಳಿದೆಯಲ್ಲ, ಆ ಒಂದು ಸಾಲಿಗೆ ಉತ್ತರ ಬರೆಯಲಾಗದೆ ಇಷ್ಟು ದಿನ ಕೂತೆ.

ಅಬಿದಾಳಿಗೆ ಓದಲು ಬರುವುದಿಲ್ಲ. ನಿನ್ನ ಪತ್ರವನ್ನು ಚೊಲೋ ಮಾಡಿ ಓದಿ ಹೇಳಿದ್ದೆ. ನಿನ್ನ ಫೋನ್ ಬಂದ ಮೇಲೆ ಅವಳು ಬಂದು ನನ್ನೆದುರು ಕೂತಳು. ಬೈಯಲಿಲ್ಲ. ಬೈದಿದ್ದರೆ ಕಣ್ಣು ಮುಚ್ಚಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ. ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಕಿವಿ ಬೇಕಾಗಿತ್ತಂದ್ರ ನನ್ನ ಕರಕೊಂಡ ಹೋಗಬೇಕಾಗಿತ್ತು. ನಾ ಏನ್ ಮನ್ಯಾಗ ಮೊಸರ ಕಾಯಾಕತ್ತಿದ್ದೆನು?"

ಅವಳ ಹುಕುಂ ಹೀಗಿದೆ. ಯಂತ್ರವನ್ನು ಅದೇ ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕು. ಇಂಡಿಗೆ ಬಂದರೆ ಸಾಕು, ಇಳಿಸಿಕೊಳ್ಳುತ್ತೇವೆ. ಸೋಲಾಪುರಕ್ಕೆ ಈ ಸಲ ಇಬ್ಬರೂ ಹೋಗುತ್ತೇವೆ.

ಗೈಬುಸಾಬ

*

ಮುದ್ದೇಬಿಹಾಳ
17 ಜನವರಿ 2025

ದೊಡ್ಡಪ್ಪಾ,

ಇವತ್ತು ಮುಂಜಾನೆ ಬಸ್ಸಿಗೆ ಹಾಕಿದೆ. ಕೌದಿ ಜೋಪಾನ.

ನೀವು ಬರೆದದ್ದನ್ನು ಓದಿ ನನಗೆ ನನ್ನ ಮೇಲೇ ಸಿಟ್ಟು ಬಂತು. ರಂಜಾನಿಗೆ ಬಂದಾಗ ನಿಮ್ಮ ಬೆನ್ನ ಹಿಂದಿನಿಂದ ಮೂರು ಸಲ ಕರೆದಿದ್ದೆ. ನೀವು ತಿರುಗಲಿಲ್ಲ. ದೊಡ್ಡಪ್ಪನಿಗೆ ವಯಸ್ಸಿನ ಬಿಗುಮಾನ ಬಂತು ಎಂದು ಜಾಸ್ಮಿನಳ ಹತ್ತಿರ ಆಡಿಕೊಂಡಿದ್ದೆ. ಅಪ್ಪನಿಗೆ ನಾನು ಹೇಳುವುದಿಲ್ಲ, ನೀವೇ ಹೇಳಬೇಕು.

ಇನ್ನು ನನ್ನ ಸುಳ್ಳು. ಹೆಡ್‌ಫೋನ್ ಒಂದೇ ಕೊರತೆ ಎಂಬಂತೆ ಬರೆದಿದ್ದೆ. ಡಿಸೆಂಬರಿನಲ್ಲಿ ಮನೆಯಲ್ಲೇ ಒಂದು ಸಲ ನಡೆಸಿ ನೋಡಿದೆ. ಜಾಸ್ಮಿನ, ಐಶ್ವರ್ಯ, ಓಣಿಯ ಹುಡುಗಿಯರು, ಒಟ್ಟು ಹತ್ತು ಮಂದಿ. ಹೆಡ್‌ಫೋನ್ ಇಲ್ಲದಿದ್ದರೂ ಪರದೆಯ ಮೇಲೆ ಹಾಡಿನ ಅಲೆ ಕಾಣುತ್ತದೆ, ಎರಡು ಅಲೆ ಕೂಡಿಸಿ ಹೊಂದಿಸಿದೆ. ಸರಿಯಾಗಿ ಕೂಡಿದವು, ಖುಷಿಯಾಯಿತು. ತಲೆ ಎತ್ತಿ ನೋಡಿದರೆ ಎಲ್ಲರೂ ಗೋಡೆಗೆ ಒರಗಿ ಕೂತಿದ್ದರು. ಐಶ್ವರ್ಯ ಶೇಂಗಾ ಸುಲಿಯುತ್ತಿದ್ದಳು. "ಯಾವಾಗ ಕುಂತ್ರಿ?" ಅಂದೆ. "ನಾಕ್ ಹಾಡ ಆತು. ನೀ ಅದರಾಗ ಮುಳಿಗಿದ್ದಿ, ಯಾಕ ತ್ರಾಸ ಕೊಡೂದು ಅಂತ ಸುಮ್ನ ಕುಂತೇವಿ," ಅಂದಳು.

ಹಾಡು ಕೂಡಿಸಲು ಬರುತ್ತದೆ ದೊಡ್ಡಪ್ಪ. ಯಾವಾಗ ಎಂಬುದು ಬರುವುದಿಲ್ಲ. ಬಾಗೇವಾಡಿಯಲ್ಲಿ ಆಚೆ ಕೂತಿದ್ದವನು ಮಾಡಿದ್ದನ್ನೇ ನಾನು ಒಳಗೆ ಕೂತು ಮಾಡಿದೆ. ನೀವು ಗೋಡೆಯ ಆಚೆಯಿಂದಲೇ ಹೇಗೆ ತಿಳಿಯುತ್ತಿದ್ದಿರಿ? ಮೂರನೇ ಸಲ ಕೇಳುತ್ತಿದ್ದೇನೆ. ಇನ್ನು ಇಪ್ಪತ್ತಮೂರು ದಿನ.

ಯಾಸ್ಮಿನ

*

ಹೊರ್ತಿ
26 ಜನವರಿ 2025

ಮಗಳು ಯಾಸ್ಮಿನಳಿಗೆ ಸಲಾಮು.

ಯಂತ್ರ ಬದಲಾಯಿತು. ಹೇಗೆಂದು ಮೊದಲು ಹೇಳುತ್ತೇನೆ. ಅಂಗಡಿಯಲ್ಲಿ ನಡೆದ ಮಾತನ್ನು ಬರುವಾಗ ಬಸ್ಸಿನಲ್ಲಿ ಅಬಿದಾ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು. ಹಿಂದಿನ ಸೀಟಿನವರೂ ಕೇಳಿ ನಕ್ಕರಂತೆ.

ಅಂಗಡಿಯವ, "ಯಾರಿಗಿ ಬೇಕಾಗಿತ್ರಿ ಇದು?" ಎಂದು ನನ್ನನ್ನು ಕೇಳಿದ. ಅವಳು ನಡುವೆ ಬಂದು, "ಇಲ್ಲಿ ನೋಡಿ ಮಾತಾಡಪ್ಪ. ಅವರಿಗಿ ಕಿವಿ ಇಲ್ಲ. ನನಗ ಅದಾವ," ಅಂದಳಂತೆ. ಸೆರಗಿನ ಮೇಲೆಯೇ ಹೆಡ್‌ಫೋನ್ ಹಾಕಿಕೊಂಡು ನಮ್ಮ ದೊಡ್ಡ ಯಂತ್ರಕ್ಕೆ ಕೂತಳು. "ಇದು ಮೂಕ ಐತಿ." ಅಂಗಡಿಯವ ತಾನೂ ಹಾಕಿಕೊಂಡು ನೋಡಿದ, ಮುಖ ಸಣ್ಣದು ಮಾಡಿದ. ಹಿಂಬದಿ ಬಿಚ್ಚಿದರೆ ಒಳಗೆ ಬೆಸುಗೆಯೇ ಬಿಟ್ಟಿತ್ತು. ಚಾಚಾ ಕೇಳಿ ಒಪ್ಪಿದ್ದರಲ್ಲ ಎಂದು ತಾನು ನೋಡಿರಲಿಲ್ಲವಂತೆ. ಅವನ ತಪ್ಪೇನಿಲ್ಲ.

ಅವನು ಇನ್ನೂ ಮೂರು ತಂದಿಟ್ಟ. ಅವಳು ದೀಪ ನೋಡಲಿಲ್ಲ. ಪ್ರತಿಯೊಂದಕ್ಕೂ ಒಂದೇ ಪರೀಕ್ಷೆ: ಹೊರಗೆ ಒಂದು ಹಾಡು ಬಿಡು, ನನ್ನ ಕಿವಿಗೆ ಇನ್ನೊಂದು ಬಿಡು. ಒಂದನ್ನು ಗುಂಡಿ ಸಡಿಲವೆಂದು ಸರಿಸಿದಳು. ಒಂದರಲ್ಲಿ ಹೊರಗಿನ ಹಾಡು ಕಿವಿಯೊಳಗೂ ಸೋರುತ್ತದೆಂದು ಬಿಟ್ಟಳು. ಮೂರನೆಯದಕ್ಕೆ ಕಣ್ಣು ಮುಚ್ಚಿ ಕೂತು, ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಅದು ನೀನು ನವೆಂಬರಿನಲ್ಲಿ ಬರೆದಿದ್ದೆಯಲ್ಲ, ಅದೇ ಎರಡು ಹಾಡಿನ ಚಿಕ್ಕದು. ನಾನು ಮಕ್ಕಳ ಪಾಟಿ ಎಂದದ್ದು. ಇಬ್ಬರೂ ಬೇರೆ ಬೇರೆ ಊರಲ್ಲಿ ಕೂತು ಒಂದನ್ನೇ ಆರಿಸಿದಿರಿ.

ಈಗ ಮೂರು ಸಲ ಕೇಳಿದ್ದಕ್ಕೆ ಉತ್ತರ. ಬರೆಯಲು ನನಗೆ ಸುಲಭವಿಲ್ಲ, ಆದರೂ ಬರೆಯುತ್ತೇನೆ.

ನನಗೆ ಏನೂ ತಿಳಿಯುತ್ತಿರಲಿಲ್ಲ. ಗೋಡೆಯ ಆಚೆ ಅಬಿದಾ ಇರುತ್ತಿದ್ದಳು. ನನ್ನ ಎಡಗೈ ಮಣಿಕಟ್ಟಿಗೆ ಹತ್ತಿಯ ದಾರ ಕಟ್ಟಿರುತ್ತಿತ್ತು. ಹನ್ನೆರಡು ಮೊಳ ಉದ್ದ. ಕಿಟಕಿಯಿಂದಲೋ ಶಾಮಿಯಾನದ ಕೆಳಗಿನಿಂದಲೋ ಒಳಗೆ ಹೋಗಿ ಅವಳ ಬೆರಳಿಗೆ ಸುತ್ತಿರುತ್ತಿತ್ತು. ಒಮ್ಮೆ ಎಳೆದರೆ ಹಾಡು ಬದಲಿಸು. ಎರಡು ಸಲ ಎಳೆದರೆ ಇದನ್ನೇ ಮುಂದುವರಿಸು, ಮುಟ್ಟಬೇಡ. ಹಾಗೇ ಬಿಗಿಯಾಗಿ ಹಿಡಿದರೆ ಧ್ವನಿ ಇಳಿಸು, ಯಾರೋ ಅಳುತ್ತಿದ್ದಾರೆ. ಒಳಗಿನವರಿಗೆ ಅವಳು ಹಾಡಿನವನ ಹೆಂಡತಿ, ಊಟಕ್ಕೆ ಬಂದವಳು. ಯಾರೂ ಅವಳ ಕೈ ನೋಡಲಿಲ್ಲ.

ಸಾಲೋಟಗಿಯ ಒಂದು ಮದುವೆಯಲ್ಲಿ ಮನೆಯ ಹಿರಿಯಾಕೆ ಕಸ್ತೂರೆವ್ವ ಹೊರಗೆ ಬಂದು, "ಈ ಸಾಬಗ ಗ್ವಾಡಿ ಆಚೆ ಕಣ್ಣ ಅದಾವ," ಎಂದು ನನಗೆ ರುಮಾಲು ಹೊದಿಸಿದಳು. ಆ ಹೊತ್ತಿಗೆ ಹೇಳಬೇಕಿತ್ತು. ಹೆಂಡತಿ ಎಳೆದಂತೆ ಕುಣಿಯುವವನು ಎಂದು ಗಂಡಸರು ನಗುತ್ತಾರೆಂದು ಹೆದರಿ ಸುಮ್ಮನಾದೆ. ಆಮೇಲಾಮೇಲೆ ಆ ಹೊಗಳಿಕೆ ನನಗೆ ಹಿಡಿಸತೊಡಗಿತು. ನನಗೇ ಕಣ್ಣಿದೆ ಎಂದು ನಾನೂ ನಂಬಿದೆ. ಅವಳು ಒಂದು ದಿನವೂ ಕೇಳಲಿಲ್ಲ. ಆ ರುಮಾಲನ್ನು ತೊಳೆದು ಮಡಚಿ ಇಡುವವಳು ಅವಳೇ.

ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ, ಈ ಸಲ ಒಂದಕ್ಷರ ಬಿಡದೆ. ಕಿವುಡನ ಓದು ಜೋರು, ಪಕ್ಕದ ಮನೆಯ ಗುರುಲಿಂಗಪ್ಪ ಕಾಂಪೌಂಡಿನ ಮೇಲೆ ಮುಖ ಇಟ್ಟು ನಿಂತು ಕೇಳಿದ. ಗುಟ್ಟು ಹೋಯಿತು. ಅಬಿದಾ ಹೇಳಿದ್ದು ಇಷ್ಟೇ: "ಹನ್ನೆರಡ ಮೊಳ ಅಲ್ಲ, ಹದಿನಾಕ. ತಿದ್ದಿ ಬರೀರಿ."

ಹದಿನಾಲ್ಕು ಮೊಳ.

ಗೈಬುಸಾಬ

*

ಮುದ್ದೇಬಿಹಾಳ
3 ಫೆಬ್ರುವರಿ 2025

ದೊಡ್ಡಪ್ಪಗೆ, ದೊಡ್ಡವ್ವಗೆ ಸಲಾಂ.

ಯಂತ್ರ ಬಂತು, ಹೆಡ್‌ಫೋನ್ ಮಾತಾಡಿತು. ಮುಂದಿನ ಹಾಡು ನನ್ನ ಕಿವಿಯಲ್ಲಿ ಒಂಟಿಯಾಗಿ ಬಂದಾಗ ಮೈ ಜುಮ್ಮೆಂದಿತು. ದಿನಾ ಕ್ಲಾಸು ಮುಗಿಸಿ ಬಂದು ಕೂಡುತ್ತೇನೆ. ಕೈ ಕುದುರುತ್ತಿದೆ. ಕಣ್ಣು ಮಾತ್ರ ಪರದೆಯಿಂದ ಏಳುತ್ತಿಲ್ಲ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಲು ಕೊಟ್ಟೆ, ಹದಿಮೂರನೇ ತಾರೀಖಿನದನ್ನೂ ಸೇರಿಸಿ. ಕೇಳದೆ ಕೊಟ್ಟದ್ದಕ್ಕೆ ಬೈಯಿರಿ, ಆದರೆ ಕೊಡದೆ ಇರಲಾಗಲಿಲ್ಲ. ಕಿವಿಯ ಮಾತು ಬಂದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ದಾರದ ಮಾತು ಬಂದಲ್ಲಿ ಮತ್ತೆ ಮೊದಲಿನಿಂದ ಓದಿದರು. "ನಾ ಸಣ್ಣಾಂವ ಇದ್ದಾಗ ಅಣ್ಣನ ಬ್ಯಾಟರಿ ಹೊರತಿದ್ದೆ. ಆ ದಾರ ನೋಡೇನಿ. ವೈರ್ ಅಂತ ತಿಳಕೊಂಡಿದ್ದೆ," ಅಂದರು. ಇನ್ನೂ ಸ್ವಲ್ಪ ಹೊತ್ತಿಗೆ, "ಹಂಗಾರ ನಮ್ಮ ಮನ್ಯಾಗ ಇದು ಹೊಸಾದಲ್ಲ," ಅಂದರು. ನಾನು ಆಸೆಯಿಂದ ನೋಡಿದೆ. "ನಗಬ್ಯಾಡ. ಒಂದ್ ಸಲ ಅಂದ್ರ ಒಂದ್ ಸಲ. ಆ ದಿನಾ ನಾ ಹೊರಗ ಗಂಡಸರ ಕೂಡ ಕುಂದ್ರತೇನಿ. ಅಲ್ಲಿಗಿ ಕೇಳತೈತಿ," ಅಂದರು.

ದೊಡ್ಡಪ್ಪ, ದೊಡ್ಡವ್ವನನ್ನು ಸಿಂದಗಿಗೆ ಕಳಿಸಿ. ದಾರ ತಗೊಂಡು ಬರಲಿ. ನನ್ನ ಮತ್ತು ಅವರ ನಡುವೆ ಗೋಡೆ ಇರುವುದಿಲ್ಲ, ಆದರೂ ಬೇಕು. ಅವರು ಎಳೆದರೆ ನನ್ನ ತಲೆ ಮೇಲೇಳುತ್ತದೆ.

ಯಾಸ್ಮಿನ

*

ಹೊರ್ತಿ
9 ಫೆಬ್ರುವರಿ 2025, ಭಾನುವಾರ, ಸಂಜೆ ಐದೂವರೆ

ಮಗಳು ಯಾಸ್ಮಿನಳಿಗೆ,

ಈ ಪತ್ರ ಮುಂಜಾನೆಯಿಂದ ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ. ನಿನ್ನ ದೊಡ್ಡವ್ವ ನಿನ್ನೆ ಇಂಡಿಯ ಬಸ್ಸು ಹತ್ತಿದಳು. ನಾನೂ ಬರುತ್ತೇನೆ ಎಂದೆ. ಹೆಂಗಸರ ಕಾರ್ಯಕ್ಕೆ ಬಂದು ಹೊರಗೆ ಕೂತು ಏನು ಮಾಡುತ್ತೀರಿ, ಆಡು ಯಾರು ಕಾಯಬೇಕು ಎಂದಳು. ಗೂಟದಿಂದ ದಾರ ಇಳಿಸಿ ಮೊಳ ಹಾಕಿದಳು. ಹದಿನಾಲ್ಕೇ ಇತ್ತು. ಎರಡು ಮೊಳ ಕತ್ತರಿಸಿ ಕುಪ್ಪಸದಲ್ಲಿ ಇಟ್ಟುಕೊಂಡಳು. ಉಳಿದದ್ದು ಗೂಟಕ್ಕಿದೆ.

ಮೂರಕ್ಕೆ ಶುರು ಎಂದು ಅವಳು ಹೇಳಿ ಹೋಗಿದ್ದಳು. ಮೂರರಿಂದ ನಾನು ಅಂಗಳಕ್ಕೂ ಒಳಗೂ ಓಡಾಡಿದ್ದೇ ಓಡಾಡಿದ್ದು. ಗುರುಲಿಂಗಪ್ಪ ಎಲೆ ಅಡಿಕೆ ಕೊಡಲು ಬಂದು, "ಕುಂದ್ರೋ ಮಾರಾಯ, ನೆಲ ಸವೀತೈತಿ," ಅಂದ. ತುಟಿ ನೋಡಿ ತಿಳಿಯಿತು. ಕೂಡಲಿಲ್ಲ.

ನಾಲ್ಕೂ ಹತ್ತಕ್ಕೆ ಫೋನಿನ ಕಿರುಪರದೆ ಬೆಳಗಿತು. ನಿನ್ನ ನಂಬರು. ಹಸಿರು ಗುಂಡಿ ಒತ್ತಿ ಕಿವಿಗೆ ಹಿಡಿದೆ, ಏನೂ ಇಲ್ಲ. ಇಡಬೇಕು ಅನ್ನುವಷ್ಟರಲ್ಲಿ ಬೆರಳಿಗೆ ಏನೋ ತಾಗಿತು. ಹಿಂಬದಿಯ ಜಾಲರಿ ನಡುಗುತ್ತಿತ್ತು. ಫೋನಿನ ಧ್ವನಿ ಪೂರ್ತಿ ಏರಿಸಿ, ಸ್ಪೀಕರ್ ಒತ್ತಿ, ಅಬಿದಾಳ ಹಿಟ್ಟಿನ ಸ್ಟೀಲ್ ಡಬ್ಬಿ ಬೋರಲು ಹಾಕಿ ಅದರ ಮೇಲೆ ಇಟ್ಟೆ. ಅಂಗೈ ಊರಿದೆ. ಸ್ಪೀಕರ್ ಒಡೆದಿದೆಯೋ ಇಲ್ಲವೋ ಎಂದು ನಾವು ಹೀಗೇ ನೋಡುತ್ತಿದ್ದೆವು.

ಬಂತು. ಕುಣಿತದ ಹಾಡು, ಜೋರಿನದು. ಎಂಟೆಂಟಾಗಿ ಎಣಿಸತೊಡಗಿದೆ. ಎಂಟನೇ ಎಂಟಕ್ಕೆ ಅದರ ಅಡಿಯಿಂದ ಇನ್ನೊಂದು ನಡಿಗೆ ಎದ್ದಿತು, ನಿಧಾನದ್ದು, ಹಿಂದಿನ ಕಾಲದ ಮದುವೆ ಹಾಡಿನಂಥದ್ದು. ಎರಡೂ ನಾಲ್ಕು ಹೆಜ್ಜೆ ಕೂಡಿ ನಡೆದವು, ಮೊದಲಿನದು ಇಳಿದು ಹೋಯಿತು. ನಡುವೆ ಖಾಲಿ ಇರಲಿಲ್ಲ ಯಾಸ್ಮಿನ. ಅಂಗೈ ಒತ್ತಿ ಹುಡುಕಿದೆ, ಒಂದು ಕೂದಲಿನಷ್ಟೂ ಖಾಲಿ ಇರಲಿಲ್ಲ. ಆಮೇಲೆ ತಾಳದ ಮೇಲೆ ತಾಳವಿಲ್ಲದ ಇನ್ನೊಂದು ನಡುಕ ಬಂತು, ಅಸ್ತವ್ಯಸ್ತ, ಬಹಳ ಕೈಗಳದ್ದು. ಚಪ್ಪಾಳೆ ಎಂದುಕೊಂಡೆ. ಅಷ್ಟರಲ್ಲಿ ಫೋನ್ ಕಡಿಯಿತು.

ಅದು ಚಪ್ಪಾಳೆಯೇ ಅಲ್ಲವೇ? ನಗುವಾದರೆ ಡಬ್ಬಿಗೆ ಹೇಗೆ ತಾಗುತ್ತದೆ ನನಗೆ ಗೊತ್ತಿಲ್ಲ, ನಗುವಿನ ಮೇಲೆ ನಾನು ಯಾವತ್ತೂ ಕೈ ಇಟ್ಟು ನೋಡಿಲ್ಲ.

ಆ ಬದಲಾವಣೆಗೆ ಅವಳು ದಾರ ಎಳೆದಳೋ, ಅಥವಾ ಅವಳು ಎಳೆಯುವ ಮೊದಲೇ ನೀನು ತಲೆ ಎತ್ತಿದ್ದೆಯೋ? ಇದನ್ನು ಮೊದಲು ಬರಿ. ಹೊರಗೆ ಕೂತ ಅಮೀರ ಏನಂದ, ಅವನ ಮಾತನ್ನು ಅವನು ಆಡಿದ ಹಾಗೇ ಬರಿ. ಅಬಿದಾಳನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ, ನನಗೆ ಗೊತ್ತು. ಬಿಗಿಯಾಗಿ ಹಿಡಿದದ್ದು ಉಂಟೇ, ನಿಷತ ಅತ್ತಳೇ, ಅದನ್ನೂ ಬರಿ.

ಫೋನ್ ಮತ್ತೆ ಬೆಳಗಬಹುದೆಂದು ಡಬ್ಬಿಯನ್ನು ಇನ್ನೂ ಎತ್ತಿಟ್ಟಿಲ್ಲ. ಆದರೂ ನನಗೆ ಅಕ್ಷರವೇ ಬೇಕು. ಈ ಕಾಗದ ಕೈ ಸೇರಿದ ದಿನವೇ ಕೂತು ಬರೆದು ಅಂಚೆಗೆ ಹಾಕು ಮಗಳೇ, ನಾಳೆಗೆ ಇಡಬೇಡ.

ನಿನ್ನ ದೊಡ್ಡಪ್ಪ
ಗೈಬುಸಾಬ